ಲೈನಿಗೂ ಬಂದ ಆನೆ ಸುದ್ದಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಬೆಳಿಗ್ಗೆ ನನ್ನ ಮೊಬೈಲ್ ಮೊದಲು ಸದ್ದು ಮಾಡಿತೋ, ಆಳುಗಳನ್ನು ಕೆಲಸಕ್ಕೆ ಕರೆಯುವ ರೈಟರ್ ಸೀಟಿ ಮೊದಲು ಕೇಳಿತೋ, ಈಗ ಆಣೆಯಿಟ್ಟು ಹೇಳಲಾರೆ. ಸಂದೇಶ ಮಾತ್ರ ಚೆನ್ನಾಗಿ ನೆನಪಿದೆ. ಊರಿನ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ಬಂದಿತ್ತು: ಯಸಳೂರು ಕಡೆಯ ಆನೆಗಳು ಹಳ್ಳದ ಬದಿಯ ತೋಟದಲ್ಲಿವೆ.

ಆ ತೋಟ ನನ್ನ ಚಿಕ್ಕಪ್ಪನದು. ಅಂದು ಅಲ್ಲಿ ಹಣ್ಣು ಕೊಯ್ಯಲು ಹೋದವರು ಅಸ್ಸಾಮಿನಿಂದ ಬಂದು ನಮ್ಮ ಲೈನಿನಲ್ಲಿ, ಅಂದರೆ ಕೂಲಿಯಾಳುಗಳ ಸಾಲುಮನೆಗಳಲ್ಲಿ, ಇರುವವರು. ಮಂಜಿನಲ್ಲಿ ಆನೆ ಕಾಫಿ ಗಿಡದ ಆಚೆಗೇ ನಿಂತಿತ್ತಂತೆ. ಓಡುವಾಗ ಬಿದ್ದು ಒಬ್ಬಾಕೆಯ ಕೈ ಮುರಿಯಿತು. ಊರಿನವರೆಲ್ಲರ ಜೇಬಿನಲ್ಲಿದ್ದ ಸುದ್ದಿ ಅವರಲ್ಲಿ ಒಬ್ಬರಿಗೂ ತಲುಪಿರಲಿಲ್ಲ. ತಲುಪಿದ್ದರೂ ಅವರಿಗೆ ಕನ್ನಡ ಓದಲು ಬಾರದು.

ಅವರಿಗೂ ಒಂದು ಗುಂಪು ಮಾಡಿ, ಅವರದೇ ಭಾಷೆಯಲ್ಲಿ, ಅವರಲ್ಲೊಬ್ಬರ ದನಿಯಲ್ಲಿ ಸುದ್ದಿ ಕಳಿಸಿದರೆ? ಈ ಯೋಚನೆ ನನ್ನದು ಎಂದುಕೊಂಡಿದ್ದೆ. ಲೈನಿನವರನ್ನು ಸಂತೆಗೆ ಕರೆದೊಯ್ಯುವ ಆಲೂರಿನ ಪಿಕಪ್ ಗಾಡಿಯ ಭಾಯಿ ತನ್ನದು ಅನ್ನುತ್ತಾರೆ. "ಹೋಗ್ಲಿ ಅಕ್ಕ, ನಿಮ್ದೇ ಅಂತ ಬರ್ಕೊಳಿ. ಆನೆ ಏನು ಬಂದು ಕೇಳಕಿಲ್ಲ."

ಭಾನುವಾರ ಮಧ್ಯಾಹ್ನ ಇಬ್ಬರೂ ಲೈನಿಗೆ ಹೋದೆವು. ಭಾಯಿಯ ಮನೆಮಾತು ಉರ್ದು, ಲೈನಿನವರಿಗೆ ಹಿಂದಿ ಬರುತ್ತಿತ್ತು, ಮಾತು ಸಲೀಸಾಗಿ ಸಾಗಿತು. ಆನೆ ತೋಟದಲ್ಲಿದೆ, ಹೊರಗೆ ಬರಬೇಡಿ. ಆನೆ ದಾಟಿ ಹೋಗಿದೆ. ಈ ಎರಡು ಮಾತನ್ನು ಯಾರ ದನಿಯಲ್ಲಿ ರೆಕಾರ್ಡ್ ಮಾಡಬೇಕು? ಕೈಗೆ ಪಟ್ಟಿ ಕಟ್ಟಿಸಿಕೊಂಡಿದ್ದಾಕೆಯೇ ಮುಂದೆ ಬಂದಳು. ಫೋನನ್ನು ಕನ್ನಡಿಯಂತೆ ಹಿಡಿದು ನಾಚುತ್ತಾ ಹೇಳಿದಳು. ಹಿಂದಿನಿಂದ ಯಾರೋ ಏನೋ ಅಂದರು, ಎಲ್ಲರೂ ಬಿದ್ದು ಬಿದ್ದು ನಕ್ಕರು. ಭಾಯಿ ನನಗೆ ಬಿಡಿಸಿ ಹೇಳಿದರು: "ಹಿಂಗೆ ಮೆತ್ತಗೆ ಹೇಳಿದ್ರೆ ಆನೆನೇ ಒಳಗೆ ಬಂದು ಟೀ ಕೇಳ್ತದೆ ಅಂತವ್ರೆ." ಮತ್ತೆ ಹೇಳಿದಾಗ ಆಕೆಯ ದನಿಗೆ ಅಂಗಳದ ಕೋಳಿಗಳು ಚೆದುರಿದವು.

ಚಿಕ್ಕಪ್ಪ ಒಪ್ಪಲಿಲ್ಲ. "ಅಸ್ಸಾಮಿನವ್ರೋ ಬಾಂಗ್ಲಾದವ್ರೋ ಯಾರಿಗ್ಗೊತ್ತು? ಅವ್ರಿಗೆ ಗುಂಪು ಬೇರೆ ಕೇಡು. ಎಂ.ಎ. ಓದ್ಬುಟ್ಟು ಆನೆ ಕಾಯೋ ಕೆಲ್ಸ ಹಿಡ್ದಿದೀಯಲ್ಲ ಕಣಮ್ಮ."

"ನಿಮ್ಮ ತೋಟದ ಆನೆನೇ ಅಲ್ವಾ ಚಿಕ್ಕಪ್ಪ?" ಅಂದೆ. ಅಷ್ಟು ಚುರುಕಾಗಿ ಅಂದೆನೋ, ಆಮೇಲೆ ಹೊಳೆದದ್ದನ್ನು ಈಗ ಸೇರಿಸುತ್ತಿದ್ದೇನೋ.

ಕೆಲವು ದಿನಗಳ ನಂತರ ಮುಂಜಾನೆ ಮತ್ತೆ ಸಂದೇಶ ಬಂತು: ಹಳ್ಳದ ಬದಿ. ಆಕೆಯ ದನಿಯನ್ನು ಲೈನಿನವರ ಹೊಸ ಗುಂಪಿಗೆ ಕಳಿಸಿ ನಾನೂ ಲೈನಿನತ್ತ ಓಡಿದೆ. ಒಂದು ಮನೆಯೊಳಗಿಂದ ಆ ದನಿ ಕೇಳಿತು. ಅದು ಮುಗಿಯುವ ಮೊದಲೇ ಪಕ್ಕದ ಮನೆಯಿಂದ, ಅದರಾಚೆಯ ಮನೆಯಿಂದ. ಇಡೀ ಲೈನೇ ಒಬ್ಬಳ ಬಾಯಲ್ಲಿ ಮಾತಾಡುತ್ತಿತ್ತು. ಆಕೆ ಬಾಗಿಲಲ್ಲಿ ನಿಂತು ತನ್ನನ್ನೇ ಕೇಳಿಸಿಕೊಳ್ಳುತ್ತಿದ್ದಳು. ರೈಟರ್ ಸೀಟಿ ಊದಿದ. ಬುಟ್ಟಿ ಹಿಡಿದು ಎಲ್ಲರೂ ಬಾಗಿಲಿಗೆ ಬಂದರು. ಯಾರೂ ಹೊಸ್ತಿಲು ದಾಟಲಿಲ್ಲ. ಅವನು ಮತ್ತೆ ಊದಿದ. ನನಗೆ ಅಲ್ಲೇ ಕುಣಿಯಬೇಕೆನ್ನಿಸಿತು.

ರೈಟರ್ ಚಿಕ್ಕಪ್ಪನ ಬಳಿ ಹೋದ, ಹಿಂದೆಯೇ ನಾನೂ ಹೋದೆ. "ಒಬ್ರೂ ಬತ್ತಾ ಇಲ್ಲ ಕಣಣ್ಣ. ಆನೆ ಐತಂತೆ."

ಚಿಕ್ಕಪ್ಪ ನನ್ನತ್ತ ನೋಡಿದರು. "ದಾಟ್ಕಂಡ್ ಹೋಗ್ಲಿ ಬುಡು. ಆಮೇಲ್ ಬರ್ತರೆ."

ಆ ವಾರವೇ ಕೆ. ಹೊಸಕೋಟೆ ಕಡೆಯ ಲೈನಿನವರೂ ಆ ದನಿ ತಮಗೂ ಬೇಕೆಂದು ಭಾಯಿಯನ್ನು ಕೇಳಿದರು. ಆ ಹುರುಪಿನಲ್ಲೇ ನನಗೆ ಧೈರ್ಯ ಬಂದಿರಬೇಕು. ಜಗಲಿಯಲ್ಲಿ ಫೋನ್ ನೋಡುತ್ತಾ ಕೂತಿದ್ದ ಚಿಕ್ಕಪ್ಪನ ಎದುರು ಕೂತು ಕೇಳಿದೆ. ಮೊದಲು ಬಂದದ್ದು ಮೆಸೇಜೋ ಸೀಟಿಯೋ, ನನ್ನ ನೆನಪನ್ನು ನಾನು ನಂಬಲಾರೆ, ಅವರಿಗಾದರೂ ಗೊತ್ತಿರುತ್ತದೆ.

"ಚಿಕ್ಕಪ್ಪ, ಆಕೆ ಕೈ ಮುರಿದ ದಿನ, ಮೆಸೇಜ್ ನೋಡಿದ ಮೇಲೂ ಅವರನ್ನ ಹಳ್ಳದ ಬದಿಗೆ ಕಳಿಸಿದ್ರಾ?"