ಕಲ್ಲವ್ವನ ಪಡಸಾಲೆಯಲ್ಲಿ ಸತ್ತ ಇಲಿ

ಗಂಗವ್ವ, ನಿಮ್ಮ ಪಡಸಾಲೆಯಲ್ಲಿ ಸತ್ತ ಇಲಿ ಎಸೆದವನು ನಾನು. ಊರಿಗೆ ಪ್ಲೇಗ್ ಬಂದಿರಲಿಲ್ಲ. ಊರಗೌಡನಾದ ನಾನೇ ಅದನ್ನು ಬೋನಿನಲ್ಲಿ ಹಿಡಿದು, ಕೊಂದು, ನಿಮ್ಮವ್ವ ಕಲ್ಲವ್ವ ನೀರಿಗೆ ಹೋದಾಗ ತಂದು ಹಾಕಿದೆ.

ಆದರೆ ಊರು ಖಾಲಿ ಮಾಡಿಸಿದ್ದಕ್ಕೆ ನಾನು ತಲೆ ತಗ್ಗಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಆಗ ನಿನಗೆ ಎಂಟು ವರ್ಷ. ಕಚೇರಿ ಕೆಲಸಕ್ಕೆ ಬೀದರಿಗೆ ಹೋದವನು ಹೊಸ ಜ್ವರವನ್ನು ಕಣ್ಣಾರೆ ಕಂಡು ಬಂದಿದ್ದೆ — ಒಂದೇ ಕೋಣೆಯಲ್ಲಿದ್ದವರು ಒಟ್ಟಿಗೆ ಹಾಸಿಗೆ ಹಿಡಿಯುತ್ತಿದ್ದರು. ಹೊತ್ತುಹೊತ್ತಿಗೆ ನೀರು, ಗಂಜಿ ಸಿಕ್ಕವರು ಎಷ್ಟೋ ಮಂದಿ ಎದ್ದು ಕೂತಿದ್ದರು. ಭಾಲ್ಕಿಗೂ ಅದು ಬಂದಿತ್ತು. ಮನೆಯೊಳಗೆ ಇಲಿ ಸತ್ತು ಬಿದ್ದೊಡನೆ ಊರು ಬಿಟ್ಟಿದ್ದ ಪ್ಲೇಗಿನ ವರ್ಷದಂತೆ ಹೊಲಗಳಲ್ಲಿ ದೂರ ದೂರ ಜೋಪಡಿ ಹಾಕಿಕೊಳ್ಳೋಣ ಎಂದು ಚಾವಡಿಯಲ್ಲಿ ಗೋಗರೆದೆ. ಜನ ನಕ್ಕರು.

"ಇಲಿ ಬಿದ್ದಾವೇನ್ರಿ ಗೌಡ್ರ? ಇಲಿ ಬೀಳದ ಊರು ಯಾಕ ಬಿಡಬೇಕ್ರಿ? ನೆಗಡಿಗಿ ಹೆದರಿ ಮನಿ ಬಿಡ್ತಾರೇನ್ರಿ?"

ಇಲಿಯೇ ಬೇಕೆಂದರು, ಇಲಿಯನ್ನೇ ಕೊಟ್ಟೆ. ಸಂಜೆಯೊಳಗೆ ಊರು ಬರಿದಾಯಿತು. ಔರಾದ ಕಡೆಯ ಹಳ್ಳಿಗಳಲ್ಲಿ ಹೆಣ ಹೊರಲು ಜನ ಸಿಗದಿದ್ದಾಗ ನಮ್ಮವರು ಬಹುಪಾಲು ಉಳಿದರು. ಸುಳ್ಳಿನಿಂದ ಉಳಿದರು — ಉಳಿದರಲ್ಲ! ಅಂಥ ಜ್ವರ ಮತ್ತೆ ಬಂದರೆ ಮತ್ತೆ ಸುಳ್ಳು ಹೇಳುತ್ತೇನೆ.

ಆದರೆ ಮೊದಲ ಇಲಿ ಬಿದ್ದ ಮನೆಯವರ ಹತ್ತಿರ ಯಾರೂ ಸುಳಿಯುವುದಿಲ್ಲ — ಪ್ಲೇಗ್ ನಮಗೆ ಕಲಿಸಿದ್ದರಲ್ಲಿ ಅದೂ ಒಂದು. ನಿಮ್ಮ ಜೋಪಡಿಯನ್ನು ಎಲ್ಲರಿಗಿಂತ ಆಚೆ, ಹಳ್ಳದ ದಂಡೆಗೆ ಹಾಕಿಸಿದರು. ನಿಮ್ಮವ್ವನಿಗೆ ಜ್ವರ ಬಂದಾಗ ನೀನು ಬದುವಿನ ಮೇಲೆ ನಿಂತು ಕೂಗಿದೆ: "ಯಾರರೆ ಬರ್ರಿ... ಅವ್ವಗ ಗಂಜಿ ಕಾಸಿ ಕೊಡ್ರಿ..."

ಅದು ಪ್ಲೇಗಲ್ಲ ಎಂದು ಬಲ್ಲವನು ನಾನೊಬ್ಬನೇ. ಹೋಗಿದ್ದರೆ — ಗೌಡನೇ ಹೆದರದೆ ಹೋದದ್ದನ್ನು ಕಂಡು ಇದು ಪ್ಲೇಗಲ್ಲವೆಂದು ಗೊತ್ತಾಗಿ, ಸುಳ್ಳು ಬಯಲಾಗಿ ಜನ ಊರಿಗೆ ಮರಳುತ್ತಿದ್ದರು ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ಬದುವಿನ ಮೇಲೆ ಒಂದು ಗಡಿಗೆ ಗಂಜಿ ಇಟ್ಟು ಬರಬಹುದಿತ್ತು. ಅದನ್ನೂ ಮಾಡಲಿಲ್ಲ. ನಾಲ್ಕನೆಯ ದಿನ ಕಲ್ಲವ್ವ ತೀರಿಕೊಂಡಳು. ಊರಿಗೆ ಪ್ಲೇಗ್ ತಂದವಳು ಅವಳೇ ಎಂದು ಇಂದಿಗೂ ಆಡಿಕೊಳ್ಳುತ್ತಾರೆ, ನಿನ್ನೆದುರಿಗೇ.

ನಾಳೆ ಚಾವಡಿಯಲ್ಲಿ ಎಲ್ಲರ ಮುಂದೆ ಇದನ್ನು ಹೇಳುತ್ತೇನೆ. ನೀನು ಕ್ಷಮಿಸಬೇಡ. ಇಲಿ ಎಸೆಯಲು ನನ್ನ ಮನೆಯೂ ಇತ್ತು, ಗಂಗವ್ವ — ಅಲ್ಲಿ ನನ್ನ ಹೆಂಡತಿ ಮಕ್ಕಳಿದ್ದರು. ನಿಮ್ಮ ಪರವಾಗಿ ಕೇಳುವವರು ಯಾರೂ ಇರಲಿಲ್ಲ. ಅದಕ್ಕೇ ನಿಮ್ಮ ಮನೆಯನ್ನು ಆರಿಸಿಕೊಂಡೆ.