ಎಲ್ಲವೂ ಹಸಿರಾಗಿದ್ದ ಪುಟ

ಹಲಸೂರಿನ ನಮ್ಮ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಸರ್ವರ್ ನೋಡಿಕೊಳ್ಳಲು ಶಿವಾಜಿನಗರದಿಂದ ಒಬ್ಬರು ಬರುತ್ತಿದ್ದರು. ಸರ್ವರ್‌ನ ಶಾಖ, ಮೆಮೊರಿ, ಡಿಸ್ಕು, ಫ್ಯಾನು ಎಲ್ಲವನ್ನೂ ತೋರಿಸುವ ವೆಬ್ ಪುಟವೊಂದನ್ನು ಅವರೇ ಮಾಡಿದ್ದರು. ಯಾರು ಏನು ಕೇಳಿದರೂ ತೋರುಬೆರಳೆತ್ತಿ, "ಪೇಜ್ ನೋಡ್ಕೊಳ್ಳಿ ಸಾರ್, ಅದು ಸುಳ್ಳು ಹೇಳಲ್ಲ" ಎನ್ನುತ್ತಿದ್ದರು. ನಾವೂ ಪಂಚಾಂಗ ನೋಡುವ ಶ್ರದ್ಧೆಯಿಂದ ದಿನವೂ ನೋಡುತ್ತಿದ್ದೆವು.

ಒಂದು ಮಧ್ಯಾಹ್ನ ರೋಗಿಗಳ ರಿಪೋರ್ಟುಗಳು ತೆರೆಯಲೇ ಇಲ್ಲ. ಆಪರೇಷನ್ನಿಗೆ ಹೊರಟಿದ್ದ ಹೆಂಗಸೊಬ್ಬರು ಕೌಂಟರಿನಲ್ಲಿ ಕಾಯುತ್ತಿದ್ದರು. ಪುಟದಲ್ಲಿ ಮಾತ್ರ ಎಲ್ಲವೂ ಹಸಿರು. ನಾನು ಒಳಕೋಣೆಗೆ ಹೋಗಿ ಸರ್ವರ್ ಮುಟ್ಟಿದೆ. ದೋಸೆ ಹೆಂಚಿನಂತೆ ಕೈ ಸುಟ್ಟಿತು. ಕೂಡಲೇ ಸರ್ವರ್ ನೋಡಿಕೊಳ್ಳುವವರಿಗೆ ಫೋನ್ ಮಾಡಿದೆ.

"ಭಾಯ್, ಇದು ಕಾದ್ಹೋಗಿದೆ!"

"ಹೆಂಗೆ ಸಾರ್? ಪೇಜಲ್ಲಿ ತಣ್ಣಗಿದೆಯಲ್ಲ!"

ಕೈಯನ್ನು ನಂಬಬೇಕೋ ಪುಟವನ್ನು ನಂಬಬೇಕೋ ನನಗೂ ತಿಳಿಯಲಿಲ್ಲ. ಅವರು ಬಂದು ಸರ್ವರ್ ಆರಿಸಿದರು. ಪುಟ ಆಗಲೂ ಹಸಿರಾಗಿಯೇ ಇತ್ತು. ತಾನು ಕೂತಿರುವ ಯಂತ್ರದ ವಿವರವನ್ನಷ್ಟೇ ತೋರಿಸುವ ಪುಟ ಅದು. ಅದನ್ನು ತಮ್ಮ ಮೇಜಿನ ಕಂಪ್ಯೂಟರಿನಲ್ಲಿ ಮಾಡಿದವರು, ಸರ್ವರ್‌ಗೆ ಸಾಗಿಸುವುದನ್ನೇ ಮರೆತಿದ್ದರು.

ಸರ್ವರ್ ತಣಿದು ಮತ್ತೆ ಎದ್ದ ಮೇಲೆ ರಿಪೋರ್ಟನ್ನು ಅವರೇ ಒಯ್ದು ಕೊಟ್ಟರು. ಆ ಹೆಂಗಸು ಸುಮ್ಮನೆ ಕೇಳಿದರು: "ಇದು ನಂದೇ ತಾನೇ ಅಣ್ಣಾ?"

ಅವರು ಹಾಳೆಯನ್ನು ವಾಪಸು ಇಸಿದುಕೊಂಡು, ಹೆಸರಿನ ಒಂದೊಂದೇ ಅಕ್ಷರವನ್ನು ಓದತೊಡಗಿದರು.