ಜಿಲಾಲಿ ಅಳಿಸಿದ ಚಿತ್ರಗಳು

ಮೆಕ್ನೆಸ್ ಪಟ್ಟಣದ ಹಳೇ ಊರಿನಲ್ಲಿ ನಮ್ಮ ಓಣಿಯವರೆಲ್ಲ ಹಿಟ್ಟು ತಂದು ಸುಡಿಸಿಕೊಳ್ಳುವ ರೊಟ್ಟಿ ಒಲೆ ನೋಡಿಕೊಳ್ಳುವವನು ನಾನು. ಓಣಿಯ ಮೆಟ್ಟಿಲುಗಳ ಮೇಲ್ತುದಿಯಲ್ಲಿ ಜಿಲಾಲಿಯ ಮನೆ, ಅಂಗಡಿ ಎರಡೂ. ಮದುವೆ ವಿಡಿಯೋ ತೆಗೆಯುವವರೆಲ್ಲ ಸಾಮಾನು ಕೆಟ್ಟರೆ ಅವನ ಹತ್ತಿರವೇ ಬರುತ್ತಾರೆ. ಮಾತು ಕಡಿಮೆ, ಹಟ ಜಾಸ್ತಿ. ಅವರ ಕ್ಯಾಮೆರಾ ಕಾರ್ಡುಗಳಲ್ಲಿ ಹೆಂಗಸರ ಕೋಣೆಯ ಚಿತ್ರಗಳೂ ಇರುತ್ತವಲ್ಲ, ಬೇರೆಯವರದ್ದನ್ನು ನೋಡಬಾರದು, ತನ್ನದನ್ನು ಉಳಿಸಬಾರದು ಎಂಬುದು ಅವನ ನೇಮ. ಪರೀಕ್ಷೆಗೆಂದು ತೆಗೆದ ವಿಡಿಯೋ ಚಿತ್ರವನ್ನು ಅಳಿಸದೆ ಯಾರಿಗೂ ಯಂತ್ರ ವಾಪಸು ಕೊಟ್ಟವನಲ್ಲ.

ಆ ಪರೀಕ್ಷೆಯ ಚಿತ್ರಗಳಲ್ಲಿ ಇರುತ್ತಿದ್ದವಳು ಅವನ ಹೆಂಡತಿ ತಾಮೂ. ಮಧ್ಯಾಹ್ನ ಅವಳು ಹಿಟ್ಟಿನ ಹಲಗೆಯನ್ನು ತಲೆಯ ಮೇಲಿಟ್ಟುಕೊಂಡು ನನ್ನ ಒಲೆಗೆ ಹೊರಟರೆ, ಇವನು ನಡೆಯುವಾಗ ಕ್ಯಾಮೆರಾ ಅಲುಗದಂತೆ ಹಿಡಿಯುವ, ರಿಪೇರಿಯಾದ ಸ್ಟೆಬಿಲೈಸರಿಗೆ ಕ್ಯಾಮೆರಾ ಕೂರಿಸಿ ಹಿಂದೆಯೇ ನಡೆಯುತ್ತಿದ್ದ. ಓಣಿಯ ಮೆಟ್ಟಿಲಲ್ಲೂ ಚಿತ್ರ ಅಲುಗದಿದ್ದರೆ ಪಾಸು.

"ಮೂವತ್ತು ವರ್ಷದಿಂದ ನೋಡ್ತಿದ್ದೀಯ, ಇನ್ನೂ ಸಾಲಲ್ವಾ?" ಎಂದು ಅವಳು ಬೈಯುವಳು. ಇವನು ನಗುತ್ತ ನನ್ನ ಬಾಗಿಲಲ್ಲೇ ನಿಂತು ಅಳಿಸುವನು. ಹಾಗೆ ನೂರಾರು ಸಲ ತೆಗೆದ, ನೂರಾರು ಸಲ ಅಳಿಸಿದ.

ಹೋದ ಚಳಿಗಾಲ ತಾಮೂ ತೀರಿಕೊಂಡಳು. ಉಳಿದಿರುವುದು ಗುರುತಿನ ಚೀಟಿಯ ಫೋಟೋ ಒಂದೇ. ಅದರಲ್ಲಿ ಅವಳು ಪೊಲೀಸರ ಎದುರು ನಿಂತವಳ ಹಾಗೆ ಕಾಣುತ್ತಾಳೆ.

"ಅವಳು ನಡೆಯೋ ಒಂದೇ ಒಂದು ಚಿತ್ರ ಇದ್ದಿದ್ರೆ ಸಾಕಿತ್ತು," ಎಂದು ಜಿಲಾಲಿ ಒಮ್ಮೆ ಅಂದ.

"ನಿನ್ನ ನೇಮಕ್ಕಿಷ್ಟು ಬೆಂಕಿ ಬೀಳ!" ಎಂದೆ. ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಈಗ ಅವನೇ ಹಿಟ್ಟು ನಾದಿ, ಆರು ರೊಟ್ಟಿ ಹಿಡಿಸುವ ಹಲಗೆಯ ಮೇಲೆ ಒಂದೇ ರೊಟ್ಟಿ ಇಟ್ಟುಕೊಂಡು ಬರುತ್ತಾನೆ. ನೋಡಲಾಗುವುದಿಲ್ಲ.

ಮೊನ್ನೆ ನಾನು ಅವನ ಅಂಗಡಿಯಲ್ಲಿ ಕೂತಿದ್ದಾಗ ಗಿಜ್ಲಾನ್ ಬಂದಳು. ಮದುವೆಗಳಲ್ಲಿ ಹೆಂಗಸರ ಕಡೆಯ ವಿಡಿಯೋ ತೆಗೆಯುವ ಹುಡುಗಿ. ಒಂದು ವರ್ಷದಿಂದ ತಾಂಜಿಯರ್ ಪಟ್ಟಣದಲ್ಲಿದ್ದಳು, ತಾಮೂ ತೀರಿಕೊಂಡದ್ದು ಅವಳಿಗೆ ಗೊತ್ತಿರಲಿಲ್ಲ.

"ಜಿಲಾಲಿ ಕಾಕಾ, ಮತ್ತೆ ಅದೇ ರೋಗ. ಕ್ಯಾಮೆರಾ ಜ್ವರ ಬಂದೋರ ಥರ ನಡುಗ್ತಿದೆ."

ಅವನು ಸ್ಟೆಬಿಲೈಸರಿನ ತೋಳನ್ನು ತಿರುಗಿಸಿ ನೋಡಿದ. ತಂತಿಗಳ ಮೇಲಿನ ಹೆಣೆದ ಕವಚ ಬುಡದಿಂದ ಕಳಚಿ ಜೋತುಬಿದ್ದಿತ್ತು. ತೋಳು ತಿರುಗಿದಾಗಲೆಲ್ಲ ಒಳಗಿನ ತಂತಿ ಸಿಕ್ಕಿಕೊಳ್ಳುತ್ತಿತ್ತು. ಎಳೆ ಬಿಟ್ಟ ತುದಿಯನ್ನು ಕತ್ತರಿಸಿ, ಕವಚವನ್ನು ಮತ್ತೆ ಒಳಗೆ ನೂಕಿ, ರೇಷ್ಮೆ ದಾರ ಸುತ್ತತೊಡಗಿದ. ತಾಮೂ ನಿಲುವಂಗಿಗಳಿಗೆ ಗುಂಡಿ ಕಟ್ಟುತ್ತಿದ್ದ ದಾರ ಅದು. ಬಿಗಿ ಹೆಚ್ಚಾದರೆ ತೋಳು ಸರಾಗವಾಗಿ ತಿರುಗುವುದಿಲ್ಲ, ಸಡಿಲವಾದರೆ ಮತ್ತೆ ಕಳಚುತ್ತದೆ. ಮೊದಲು ಇವನು ಹಿಡಿಯುತ್ತಿದ್ದ, ಅವಳು ಸುತ್ತುತ್ತಿದ್ದಳು. ಈಗ ದಾರದ ಒಂದು ತುದಿ ಅವನ ಹಲ್ಲಿನಲ್ಲಿತ್ತು.

"ಅಂದ ಹಾಗೆ ಕಾಕಾ, ಹೋದ ಸಲ ನೀವು ಒಂದು ಚಿತ್ರ ಅಳಿಸೋದು ಮರ್ತಿದ್ರಿ," ಎಂದಳು ಗಿಜ್ಲಾನ್.

ದಾರ ಅವನ ಬಾಯಿಂದ ಜಾರಿತು.

ಹೋದ ಸಲ ಯಂತ್ರವನ್ನು ಗಿಜ್ಲಾನಳ ಕೈಗೆ ಕೊಟ್ಟವನು ನಾನು. ಆ ದಿನ ತಾಮೂ ನನ್ನ ಬಾಗಿಲಲ್ಲೇ ಕುಸಿದಿದ್ದಳು. ಜಿಲಾಲಿ ಕ್ಯಾಮೆರಾವನ್ನು ನನ್ನ ಕೈಗೆ ತುರುಕಿ ಅವಳನ್ನು ಆಸ್ಪತ್ರೆಗೆ ಒಯ್ದಿದ್ದ. ಅಳಿಸುವುದು ಯಾರಿಗೆ ನೆನಪಿರುತ್ತದೆ?

"ಏನಿತ್ತು ಅದ್ರಲ್ಲಿ?" ಎಂದ ಜಿಲಾಲಿ.

"ನಿಮ್ಮನೆಯವರು ಯಾರೋ ಇರ್ಬೇಕು. ಹಲಗೆ ಹೊತ್ಕೊಂಡು ಹೋಗ್ತಿದ್ರು. ತಲೆವಸ್ತ್ರ ಜಾರಿತ್ತು. ಹಿಂದೆ ತಿರುಗಿ ನಗ್ತಾ, 'ಬೇಗ ಬಾ ಮಾರಾಯ, ಹಿಟ್ಟು ಹುಳಿ ಬರುತ್ತೆ' ಅಂತಾರೆ."

"ಈಗ ಎಲ್ಲಿದೆ ಅದು?" ಅವನು ಎದ್ದು ನಿಂತಿದ್ದ.

"ಹೆದರ್ಬೇಡಿ ಕಾಕಾ! ಅವತ್ತೇ ಅಳಿಸ್ಬಿಟ್ಟೆ. ಒಂದು ನರಪಿಳ್ಳೆಗೂ ತೋರ್ಸಿಲ್ಲ. ನಿಮ್ಮ ಹತ್ರಾನೇ ಕಲ್ತಿದ್ದಲ್ವಾ?" ಎಂದಳು ಹೆಮ್ಮೆಯಿಂದ.

ನಾನು ಬಾಯಿ ತೆರೆದೆ. ಜಿಲಾಲಿ ಕಣ್ಣಲ್ಲೇ ತಡೆದ.

"ಒಳ್ಳೇದು ಮಾಡ್ದೆ ಮಗಳೇ," ಎಂದ. ಜಾರಿದ ದಾರ ಎತ್ತಿಕೊಂಡು, "ಏನಂದ್ಲು ಅಂದೆ? ಇನ್ನೊಂದ್ಸಲ ಹೇಳು," ಎಂದ.

ಅವಳು ಮತ್ತೆ ಹೇಳಿದಳು. ಅವನು ತಲೆಯಾಡಿಸಿ ಕೂತು, ಉಳಿದ ದಾರ ಸುತ್ತಿ ಗಂಟು ಹಾಕಿದ. ಕ್ಯಾಮೆರಾ ಕೂರಿಸಿ ಹೊರಗೆ ಬಂದ.

"ಪರೀಕ್ಷೆಗೆ ನಾನು ಮುಂದೆ ನಡೀಲಾ?" ಎಂದಳು ಗಿಜ್ಲಾನ್.

"ಬೇಡಮ್ಮ."

ಮೆಟ್ಟಿಲುಗಳನ್ನಿಳಿದು, ತಾಮೂ ನಡೆಯುತ್ತಿದ್ದಷ್ಟೇ ನಿಧಾನವಾಗಿ ನನ್ನ ಬಾಗಿಲವರೆಗೂ ಬಂದ. ನಾನೂ ಗಿಜ್ಲಾನೂ ಹಿಂದೆಯೇ ಬಂದೆವು. ಪರದೆಯನ್ನು ನನಗೆ ತೋರಿಸಿದ. ಚಿತ್ರ ಒಂದಿಷ್ಟೂ ಅಲುಗಿರಲಿಲ್ಲ. ಓಣಿ ಖಾಲಿ ಇತ್ತು.

ಅದನ್ನೂ ಅಳಿಸಿ, ಯಂತ್ರವನ್ನು ಗಿಜ್ಲಾನಳ ಕೈಗಿಟ್ಟ.